ನಮ್ಮ ಕುಲಪತಿ, ಅವರ ಕುಲಗುರು

‘ಕುಲಪತಿಗಳು ನೂತನ ಕುಲಗುರುಗಳನ್ನು ನೇಮಿಸಿದ್ದಾರೆ.’ ಛತ್ರಪತಿ ಸಂಭಾಜಿನಗರದ ಮರಾಠಿ ಪತ್ರಿಕೆಗಳಲ್ಲಿ ಇಂಥ ಸಾಲು ಕಂಡರೆ ಅಲ್ಲಿನವರು ಸಲೀಸಾಗಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಕಲಬುರಗಿಯಿಂದಲೋ ಬೀದರಿನಿಂದಲೋ ಹೋದವರು ಮಾತ್ರ ಅಲ್ಲೇ ನಿಲ್ಲಬೇಕಾಗುತ್ತದೆ. ನಮ್ಮ ಲೆಕ್ಕದಲ್ಲಿ ಕುಲಪತಿ ಎಂದರೆ ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್, ಕುಲಗುರು ಎಂದರೆ ಮನೆತನ ತಲೆತಲಾಂತರದಿಂದ ನಡೆದುಕೊಂಡು ಬಂದ ಮಠದ ಸ್ವಾಮಿಗಳು. ವೈಸ್ ಚಾನ್ಸಲರ್ ಸಾಹೇಬರು ಮಠಕ್ಕೆ ಪೀಠಾಧಿಪತಿಯನ್ನು ನೇಮಿಸುವ ಅಧಿಕಾರ ಯಾವಾಗ ಪಡೆದರು?

ಸುದ್ದಿಯಲ್ಲಿ ವಿಶೇಷವೇನೂ ಇಲ್ಲ. ಮಹಾರಾಷ್ಟ್ರದ ಕಾನೂನಿನಲ್ಲಿ ಕುಲಪತಿ ಎಂದರೆ ಚಾನ್ಸಲರ್, ಅಂದರೆ ರಾಜ್ಯಪಾಲರು. ಕುಲಗುರು ಎಂದರೆ ವೈಸ್ ಚಾನ್ಸಲರ್. ನಾವು ರಾಜ್ಯಪಾಲರನ್ನು ಕುಲಾಧಿಪತಿ ಎನ್ನುತ್ತೇವೆ. ಉನ್ನತ ಶಿಕ್ಷಣ ಸಚಿವರನ್ನು ಸಮಕುಲಾಧಿಪತಿ ಎನ್ನುತ್ತೇವೆ. ಎರಡೂ ಕಡೆ ಒಂದೇ ಅರ್ಥದಲ್ಲಿ ಉಳಿದಿರುವುದು ಕುಲಸಚಿವ ಒಂದೇ. ನಾವು ಆ ಹುದ್ದೆಯನ್ನೂ ಆಡಳಿತಕ್ಕೊಂದು, ಮೌಲ್ಯಮಾಪನಕ್ಕೊಂದು ಎಂದು ಎರಡು ಮಾಡಿದ್ದೇವೆ, ಅದು ಬೇರೆ ಮಾತು. ಘಟಿಕೋತ್ಸವ ಅಂದರಂತೂ ಅವರಿಗೆ ತಿಳಿಯುವುದಿಲ್ಲ; ಅಲ್ಲಿ ಅದು ದೀಕ್ಷಾಂತ ಸಮಾರಂಭ.

ಹೊರದೇಶಗಳಲ್ಲಿ ಪ್ರೊಫೆಸರ್, ರೀಡರ್, ಲೆಕ್ಚರರ್ ಎಂಬ ಪದಗಳು ಊರಿಂದೂರಿಗೆ ಅರ್ಥ ಬದಲಿಸುತ್ತವೆ ಎಂಬುದನ್ನು ಅಮೆರಿಕಕ್ಕೆ ಹೋಗಿ ಬಂದವರು ದೊಡ್ಡ ಸೋಜಿಗದಂತೆ ಹೇಳುತ್ತಿರುತ್ತಾರೆ. ಆ ಸೋಜಿಗಕ್ಕೆ ವೀಸಾ ಬೇಕಿಲ್ಲ, ಬೀದರ್ ದಾಟಿದರೆ ಸಾಕು. ಅದೂ ಎಂಥ ಗಡಿ? 1956ರವರೆಗೆ ಇಲ್ಲದ ಗಡಿ. ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದ್, ಪರಭಣಿ, ನಾಂದೇಡ್, ಬೀಡ್, ಉಸ್ಮಾನಾಬಾದ್ ಒಂದು ಕಡೆ, ಬೀದರ್, ಗುಲಬರ್ಗಾ, ರಾಯಚೂರು ಇನ್ನೊಂದು ಕಡೆ, ಎಲ್ಲವೂ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗೇ ಇದ್ದವು. ಔರಂಗಾಬಾದಿನ ಕಾಲೇಜಿಗೂ ಗುಲಬರ್ಗಾದ ಕಾಲೇಜಿಗೂ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಯಜಮಾನ. ರಾಜ್ಯ ಪುನರ್ವಿಂಗಡಣೆಯಾದಾಗ ಗುಲಬರ್ಗಾದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಾಲಾದವು. 1980ರಲ್ಲಿ ಅಲ್ಲಿಗೇ ಸ್ವಂತ ವಿಶ್ವವಿದ್ಯಾಲಯ ಬಂತು. ಔರಂಗಾಬಾದಿಗೆ 1958ರ ಆಗಸ್ಟ್ 23ರಂದು ಮರಾಠವಾಡಾ ವಿಶ್ವವಿದ್ಯಾಲಯ ಬಂತು. ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರು ಪಾಲಾಗಿ, ಮುಂದೆ ಮನೆಯ ಹಿರಿಯನನ್ನೇ ಬೇರೆ ಬೇರೆ ಹೆಸರಿಂದ ಕರೆಯತೊಡಗಿದ ಹಾಗಾಯಿತು.

ನಮ್ಮ ಕಡೆಯೂ ಈ ಪದ ನೆಟ್ಟಗೆ ನಿಂತದ್ದಲ್ಲ. ಹಳೆಯ ಕನ್ನಡ ಪುಸ್ತಕಗಳನ್ನು ತೆಗೆದು ನೋಡಿ: 1956ರಿಂದ 1960ರವರೆಗೆ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ‘ಉಪಕುಲಪತಿ’. ಅಂದರೆ ಆಗಿನ ಲೆಕ್ಕದಲ್ಲಿ ಕುಲಪತಿ ಎಂದರೆ ಚಾನ್ಸಲರೇ, ಇವತ್ತಿನ ಮರಾಠಿಯ ಹಾಗೆ. ಆಮೇಲೆ ‘ಉಪ’ ಉದುರಿತು. ಉದುರಿದ್ದು ಸರಿಯೇ ಅನ್ನಿಸುತ್ತದೆ, ಏಕೆಂದರೆ ಅಷ್ಟೂ ಕೆಲಸ ಮಾಡುವವರನ್ನು ಉಪ ಎನ್ನುವುದೂ ವರ್ಷಕ್ಕೊಮ್ಮೆ ಬಂದು ಪದವಿ ಕೊಡುವವರನ್ನು ಪತಿ ಎನ್ನುವುದೂ ಕಿವಿಗೆ ಹಿತವಲ್ಲ. ಹಿಂದಿ ಸೀಮೆಯಲ್ಲೂ ವೈಸ್ ಚಾನ್ಸಲರಿಗೆ ಕುಲಪತಿ ಎಂದೇ ರೂಢಿ. ಈಚೆಗೆ ಗಾಳಿ ಮಹಾರಾಷ್ಟ್ರದ ಕಡೆಯಿಂದ ಬೀಸುತ್ತಿದೆ: ಮಧ್ಯಪ್ರದೇಶ 2024ರಲ್ಲಿ, ರಾಜಸ್ಥಾನ 2025ರಲ್ಲಿ ಕುಲಪತಿಯನ್ನು ಕೈಬಿಟ್ಟು ಕುಲಗುರುವನ್ನು ಒಪ್ಪಿಕೊಂಡವು. ಪತಿಗಿಂತ ಗುರು ನಮ್ಮ ಪರಂಪರೆಗೆ ಹತ್ತಿರ ಎಂಬುದು ಅಲ್ಲಿ ಕೊಟ್ಟ ಕಾರಣ. ನೇಮಕದ ವಿಧಾನ, ಅಧಿಕಾರ, ಸಂಬಳ ಯಾವುದೂ ಬದಲಾಗಲಿಲ್ಲ.

ಹೆಸರಿಗೆಷ್ಟು ಬೆಲೆ ಎಂದು ಸಂಭಾಜಿನಗರಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬ ಅಂಬೇಡ್ಕರರ ಹೆಸರಿಡಬೇಕೆಂದು 1978ರ ಜುಲೈ 27ರಂದು ವಿಧಾನಮಂಡಲ ನಿರ್ಣಯ ಮಾಡಿದ್ದೇ ತಡ, ಮರಾಠವಾಡಾದ ಊರೂರಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಜೀವಗಳು ಹೋದವು. ಹದಿನಾರು ವರ್ಷ ಹೋರಾಟ ನಡೆದು 1994ರ ಜನವರಿ 14ರಂದು, ‘ಮರಾಠವಾಡಾ’ ಎಂಬುದನ್ನೂ ಉಳಿಸಿಕೊಂಡು, ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ ಎಂದಾಯಿತು. 2023ರಲ್ಲಿ ಊರಿನ ಹೆಸರೂ ಬದಲಾಯಿತು.

ಅಂಬೇಡ್ಕರರು ಈ ಊರಿನಲ್ಲಿ 1950ರಲ್ಲಿ ಮಿಲಿಂದ ಕಾಲೇಜು ಕಟ್ಟಿದವರು. ಅದಕ್ಕೂ ಎಷ್ಟೋ ಮೊದಲು, 1918ರಲ್ಲಿ, ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿದ್ದರು. ಅದು ಸರ್ಕಾರಿ ಕಾಲೇಜು, ಆ ಕಾಲಕ್ಕೆ ದೊಡ್ಡ ಹುದ್ದೆ. ಆದರೆ ಪ್ರೊಫೆಸರುಗಳಿಗೆಂದು ಇಟ್ಟಿದ್ದ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪ ತೆಗೆದರು. ಹುದ್ದೆಯ ಪಟ್ಟಿಯಲ್ಲಿ ಅವರ ಸಮಾನರೇ, ನೀರಿನ ಹತ್ತಿರ ಅಲ್ಲ. ಹುದ್ದೆಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂದು ಮಾತಾಡುವಾಗ, ಒಂದೇ ಕೋಣೆಯೊಳಗೆ ಅದು ಇಬ್ಬರಿಗೆ ಎರಡು ಥರ ಇದ್ದುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮರಾಠವಾಡಾ ವಿಶ್ವವಿದ್ಯಾಲಯದ ಮೊದಲ ಕುಲಗುರುವಿನ ಹೆಸರು ಕೇಳಿದರೆ ಮಂಗಳೂರಿನವರ ಕಿವಿ ನೆಟ್ಟಗಾಗುತ್ತದೆ: ಎಸ್.ಆರ್. ಡೊಂಗರಕೇರಿ. ಮಂಗಳೂರಿನ ಹೃದಯಭಾಗದ ಡೊಂಗರಕೇರಿ ಎಂಬ ಬೀದಿಯ ಹೆಸರೇ ಅವರ ಅಡ್ಡಹೆಸರು. ಅವರು ಬಹುಕಾಲ ಮುಂಬಯಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಆಗಿದ್ದವರು, ಆ ವಿಶ್ವವಿದ್ಯಾಲಯದ ನೂರು ವರ್ಷದ ಇತಿಹಾಸವನ್ನೂ ಬರೆದವರು. ಮುಂಬಯಿಯ ರಿಜಿಸ್ಟ್ರಾರ್ ಎಂದರೆ ಆಗ ಸಾಮಾನ್ಯ ಮಾತಲ್ಲ. ಸಿಂಧ್‌ನಿಂದ ಧಾರವಾಡದವರೆಗಿನ ಕಾಲೇಜುಗಳ ಪರೀಕ್ಷೆ, ಮಾನ್ಯತೆ, ಪದವಿ, ಎಲ್ಲದರ ಕಡತವೂ ಒಂದು ಕಾಲಕ್ಕೆ ಆ ಕಚೇರಿಯ ಮೇಜಿನ ಮೇಲೇ ಹಾಯಬೇಕಿತ್ತು.

ಆ ಹುದ್ದೆಯ ಹೆಸರನ್ನೇ ಹಿಡಿದು ಅಮೆರಿಕಕ್ಕೆ ಹೋಗಿ. ಅಲ್ಲಿ ರಿಜಿಸ್ಟ್ರಾರ್ ಎಂದರೆ ವಿದ್ಯಾರ್ಥಿಗಳ ದಾಖಲಾತಿ, ಅಂಕಪಟ್ಟಿ, ವೇಳಾಪಟ್ಟಿ ನೋಡಿಕೊಳ್ಳುವ ಕಚೇರಿಯ ಅಧಿಕಾರಿ. ಲಂಡನ್ನಿನ ಆಸ್ಪತ್ರೆಯ ವಾರ್ಡಿಗೆ ಹೋದರೆ ರಿಜಿಸ್ಟ್ರಾರ್ ಅನ್ನುವವನು ಇನ್ನೂ ತಜ್ಞನಾಗುವ ತರಬೇತಿಯಲ್ಲಿರುವ ಡಾಕ್ಟರು, ರಾತ್ರಿ ಪಾಳಿಯಲ್ಲಿ ಓಡಾಡುವವನು. ಇನ್ನು ನಾಶಿಕಕ್ಕೆ ಬನ್ನಿ. 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ಅಲ್ಲಿದೆ, ನಮ್ಮ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಮಾದರಿಯದು. ಇಡೀ ರಾಜ್ಯದ ವೈದ್ಯಕೀಯ, ದಂತ, ಆಯುರ್ವೇದ, ಹೋಮಿಯೋಪಥಿ, ನರ್ಸಿಂಗ್ ಕಾಲೇಜುಗಳು ಅದರ ಅಡಿಯಲ್ಲಿವೆ. ಅಲ್ಲಿ ಕಲಿತ ಹುಡುಗಿ ಇಂಗ್ಲೆಂಡಿಗೆ ಹೋಗಿ ‘ರಿಜಿಸ್ಟ್ರಾರ್ ಆದೆ’ ಎಂದು ಫೋನು ಮಾಡಿದರೆ, ನಾಶಿಕದ ಕುಲಸಚಿವರ ಕುರ್ಚಿಯನ್ನು ನೆನೆಸಿಕೊಂಡು ಮನೆಯವರು ಊರಿಗೆಲ್ಲ ಪೇಢೆ ಹಂಚಬಹುದು. ಹಂಚಲಿ. ಆದರೆ ಸುದ್ದಿ ಬೇರೆ.

ಚಾನ್ಸಲರ್ ಎಂಬ ಪದದ ಪಾಡು ಇನ್ನೂ ತಮಾಷೆ. ಇಂಗ್ಲೆಂಡಿನಲ್ಲಿ ಅದು ಶೋಭೆಯ ಹುದ್ದೆ. ಪ್ರವಾಸ ಕಥನಗಳಿಂದ ಹೆಸರಾದ ಬಿಲ್ ಬ್ರೈಸನ್ ಡರ್ಹಂ ವಿಶ್ವವಿದ್ಯಾಲಯಕ್ಕೆ ಚಾನ್ಸಲರ್ ಆಗಿದ್ದರು. ನಾವು ಆ ಶೋಭೆಯನ್ನು ಎತ್ತಿ ತಂದು ರಾಜ್ಯಪಾಲರ ತಲೆಯ ಮೇಲಿಟ್ಟು, ಜೊತೆಗೆ ನೇಮಕದ ಅಧಿಕಾರವನ್ನೂ ಕೊಟ್ಟೆವು. ಮೈಸೂರಿನಲ್ಲಿ 1916ರಲ್ಲಿ ಮಹಾರಾಜರೇ ಚಾನ್ಸಲರ್, ಎಚ್.ವಿ. ನಂಜುಂಡಯ್ಯನವರು ವೈಸ್ ಚಾನ್ಸಲರ್. ಜರ್ಮನಿಯಲ್ಲಿ ‘ಕಾನ್ಸ್‌ಲರ್’ ಎಂದರೆ ಹಣಕಾಸು, ಕಟ್ಟಡ, ಸಿಬ್ಬಂದಿ ನೋಡುವ ಆಡಳಿತಾಧಿಕಾರಿ, ಹೆಚ್ಚುಕಡಿಮೆ ನಮ್ಮ ಕುಲಸಚಿವ. ಮೇಲಿರುವವರು ರೆಕ್ಟರ್ ಅಥವಾ ಪ್ರೆಸಿಡೆಂಟ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಒಂದೊಂದು ಕ್ಯಾಂಪಸ್ಸಿಗೆ ಒಬ್ಬ ಚಾನ್ಸಲರ್, ಎಲ್ಲರ ಮೇಲೆ ಒಬ್ಬ ಪ್ರೆಸಿಡೆಂಟ್. ಆ ಚಾನ್ಸಲರ್ ಕೈಕೆಳಗೆ ವೈಸ್ ಚಾನ್ಸಲರುಗಳು ಹಲವರು: ಹಣಕಾಸಿಗೊಬ್ಬ, ವಿದ್ಯಾರ್ಥಿ ಕ್ಷೇಮಕ್ಕೊಬ್ಬ, ಸಂಶೋಧನೆಗೊಬ್ಬ. ನಮ್ಮ ವೈಸ್ ಚಾನ್ಸಲರ್ ಅಲ್ಲಿಗೆ ಹೋಗಿ ವಿಸಿಟಿಂಗ್ ಕಾರ್ಡ್ ಕೊಟ್ಟರೆ, ಯಾರೋ ಉಪ ಅಧಿಕಾರಿ ಬಂದಿದ್ದಾರೆ ಎಂದುಕೊಂಡು ಮಾತಾಡಿಸಲು ಒಬ್ಬ ಉಪ ಅಧಿಕಾರಿಯನ್ನೇ ಕಳಿಸಿದರೆ ಬೇಸರ ಪಡುವ ಹಾಗಿಲ್ಲ.

ಪಾಠ ಹೇಳುವವರ ಕಡೆಗೆ ಬರೋಣ. ಮರಾಠಿ ನಾಡಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ ಪಾಠ ಮಾಡಿದವರೆಲ್ಲ ‘ಪ್ರಾ.’ ಆಗುತ್ತಾರೆ. ಪ್ರಾಧ್ಯಾಪಕ ಎಂಬುದರ ಸಂಕ್ಷೇಪ. ಜೂನಿಯರ್ ಕಾಲೇಜಿನವರಿಗೂ ಉಂಟು, ರಾಜಕೀಯಕ್ಕೆ ಹೋಗಿ ತರಗತಿಯ ಮುಖ ನೋಡದವರಿಗೂ ಉಂಟು. ನಾಶಿಕದಲ್ಲಿ ಗೋಖಲೆ ಎಜುಕೇಶನ್ ಸೊಸೈಟಿ 1924ರಲ್ಲಿ ತೆರೆದ ಎಚ್.ಪಿ.ಟಿ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ನಾಟಕಕಾರ ವಸಂತ ಕಾನೆಟ್ಕರ್ ಮಹಾರಾಷ್ಟ್ರಕ್ಕೆಲ್ಲ ‘ಪ್ರಾ. ವಸಂತ ಕಾನೆಟ್ಕರ್’. ಹಳ್ಳಿಯ ಪ್ರಾಥಮಿಕ ಶಾಲೆಯವರು ಗುರುಜಿ, ಹೈಸ್ಕೂಲಿನವರು ಸರ್, ಕಾಲೇಜಿನವರು ಪ್ರಾ. ಎಂದು ಅಲ್ಲಿ ಮೂರು ಮೆಟ್ಟಿಲು. ನಮ್ಮಲ್ಲಿ ‘ಪ್ರೊ.’ ಹಾಕಿಕೊಳ್ಳಲು ಸ್ವಲ್ಪ ಹಿಂಜರಿಕೆ ಇತ್ತು. ಕಾಲೇಜಿನವರು ತಮ್ಮನ್ನು ಉಪನ್ಯಾಸಕ ಎಂದೇ ಪರಿಚಯಿಸಿಕೊಳ್ಳುತ್ತಿದ್ದರು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದ ದ.ರಾ. ಬೇಂದ್ರೆ ಆ ಊರಿನ ಮಟ್ಟಿಗೆ ಪ್ರೊಫೆಸರ್. ಧಾರವಾಡಕ್ಕೆ ಮರಳಿದರೆ ಮತ್ತೆ ಬೇಂದ್ರೆ ಮಾಸ್ತರು.

ಇದು ರೂಢಿಯ ಮಾತು. ಸರ್ಕಾರಿ ಪಟ್ಟಿಯಲ್ಲಿ 2008ರವರೆಗೆ ಬ್ರಿಟಿಷರು ಬಿಟ್ಟುಹೋದ ಏಣಿಯೇ ಇತ್ತು: ಲೆಕ್ಚರರ್, ರೀಡರ್, ಪ್ರೊಫೆಸರ್. ಕನ್ನಡದಲ್ಲಿ ಉಪನ್ಯಾಸಕ, ಪ್ರವಾಚಕ, ಪ್ರಾಧ್ಯಾಪಕ; ಮರಾಠಿಯಲ್ಲಿ ಅಧಿವ್ಯಾಖ್ಯಾತಾ, ಪ್ರಪಾಠಕ, ಪ್ರಾಧ್ಯಾಪಕ. ಬ್ರಿಟನ್ನಿನಲ್ಲಿ ಲೆಕ್ಚರರ್ ಎಂದರೆ ಕಾಯಂ ನೌಕರಿ, ಗೌರವದ ಹುದ್ದೆ. ಪ್ರೊಫೆಸರ್ ಎಂದರೆ ಆಗ ವಿಭಾಗಕ್ಕೆ ಒಂದೋ ಎರಡೋ ಪೀಠ. ಬಹಳಷ್ಟು ಒಳ್ಳೆಯ ವಿದ್ವಾಂಸರು ರೀಡರ್ ಆಗಿಯೇ ನಿವೃತ್ತರಾಗುತ್ತಿದ್ದರು, ಯಾರೂ ಅದನ್ನು ಕೊರತೆ ಎಂದುಕೊಳ್ಳುತ್ತಿರಲಿಲ್ಲ. ಅಮೆರಿಕದಲ್ಲಿ ಲೆಕ್ಚರರ್ ಎಂದರೆ ಸಾಮಾನ್ಯವಾಗಿ ಕಾಯಂ ಇಲ್ಲದವನು. ರೀಡರ್ ಎಂದರೆ ಉತ್ತರಪತ್ರಿಕೆ ತಿದ್ದಲು ಕೂರಿಸಿದ ಹುಡುಗ. ಮೊದಲ ದಿನ ಕೆಲಸಕ್ಕೆ ಬಂದ ಅಸಿಸ್ಟೆಂಟ್ ಪ್ರೊಫೆಸರನನ್ನೂ ಅಲ್ಲಿ ವಿದ್ಯಾರ್ಥಿಗಳು ‘ಪ್ರೊಫೆಸರ್’ ಎಂದೇ ಕರೆಯುತ್ತಾರೆ.

ಎ.ಕೆ. ರಾಮಾನುಜನ್ ಈ ಎರಡು ಏಣಿಗಳ ನಡುವೆ ಹಾರಿದವರು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ, ಆಮೇಲೆ ಬರೋಡಾದಲ್ಲಿ ಲೆಕ್ಚರರ್. 1962ರಲ್ಲಿ ಶಿಕಾಗೊದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಬೆಳಗಾವಿಯ ಲೆಕ್ಚರರ್ ನೌಕರಿಗೂ ಶಿಕಾಗೊದ ಅಸಿಸ್ಟೆಂಟ್ ಪ್ರೊಫೆಸರ್ ನೌಕರಿಗೂ ಏಣಿಯಲ್ಲಿ ಮೆಟ್ಟಿಲು ಒಂದೇ ಇದ್ದೀತು. ಆದರೆ ಬೆಳಗಾವಿಯ ಹುದ್ದೆ ಪಾಠಕ್ಕೆ ಮಾತ್ರ. ಶಿಕಾಗೊದಲ್ಲಿ ಕೆಲವೇ ವರ್ಷಗಳಲ್ಲಿ ಪುಸ್ತಕ ಬರೆದು ತೋರಿಸದಿದ್ದರೆ ಗಂಟುಮೂಟೆ ಕಟ್ಟಬೇಕು. ಅಮೆರಿಕದ ಪ್ರಾಧ್ಯಾಪಕರ ಸಂಘ 1940ರಲ್ಲೇ ಹಾಕಿಕೊಂಡ ನಿಯಮದಂತೆ ಪರೀಕ್ಷಾ ಅವಧಿ ಏಳು ವರ್ಷ ಮೀರುವಂತಿಲ್ಲ: ಅಷ್ಟರೊಳಗೆ ಟೆನ್ಯೂರ್ ಎಂಬ ಕಾಯಂ ಹುದ್ದೆ, ಇಲ್ಲವೇ ಹೊರಗೆ. ಟೆನ್ಯೂರ್ ಸಿಕ್ಕರೆ ನಿವೃತ್ತಿಯ ವಯಸ್ಸೂ ಇಲ್ಲ.

ನಾವು 2008ರ ಡಿಸೆಂಬರ್ 31ರ ಆದೇಶದಲ್ಲಿ, ಆರನೇ ವೇತನ ಆಯೋಗದ ಜೊತೆ, ಆ ಏಣಿಯ ಹೆಸರುಗಳನ್ನು ತಂದೆವು. ಲೆಕ್ಚರರುಗಳು ಅಸಿಸ್ಟೆಂಟ್ ಪ್ರೊಫೆಸರ್ ಆದರು, ರೀಡರುಗಳು ಸೇವಾವಧಿಯ ಲೆಕ್ಕ ಹಾಕಿ ಅಸೋಸಿಯೇಟ್ ಪ್ರೊಫೆಸರ್ ಆದರು. 2010ರ ಯುಜಿಸಿ ನಿಯಮಾವಳಿ ಅದನ್ನು ಗಟ್ಟಿ ಮಾಡಿತು. 2018ರಲ್ಲಿ ಮೇಲೊಂದು ‘ಸೀನಿಯರ್ ಪ್ರೊಫೆಸರ್’ ಸೇರಿತು. ಈಗ ಆರಂಭದ ಮೂಲವೇತನ 57,700 ರೂಪಾಯಿ, ಪ್ರೊಫೆಸರಿಗೆ 1,44,200. ತಂದದ್ದು ಹೆಸರು ಮಾತ್ರ. ಏಳು ವರ್ಷದ ಅಗ್ನಿಪರೀಕ್ಷೆ ಬರಲಿಲ್ಲ, ಅದರ ಆಚೆಯ ಅಭಯವೂ ಬರಲಿಲ್ಲ. ನಮ್ಮ ಅಸಿಸ್ಟೆಂಟ್ ಪ್ರೊಫೆಸರ್ ಒಂದೆರಡು ವರ್ಷದ ಪ್ರೊಬೇಷನ್ ಮುಗಿಸಿ ಕಾಯಂ ಆಗುತ್ತಾನೆ, ಮಹಾರಾಷ್ಟ್ರದಲ್ಲಿ 60ಕ್ಕೆ, ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ 62ಕ್ಕೆ ನಿವೃತ್ತನಾಗುತ್ತಾನೆ. ಒಳಗಿನದು ಹಳೆಯ ಬ್ರಿಟಿಷ್ ಲೆಕ್ಚರರನೇ. ವಿಚಿತ್ರವೆಂದರೆ ಬ್ರಿಟಿಷರೂ ಈಗ ಅದೇ ಬೋರ್ಡು ಬರೆಸುತ್ತಿದ್ದಾರೆ: ಕೇಂಬ್ರಿಜ್‌ನಲ್ಲಿ 2021ರ ಅಕ್ಟೋಬರಿನಿಂದ ಲೆಕ್ಚರರುಗಳೆಲ್ಲ ಅಸಿಸ್ಟೆಂಟ್, ಅಸೋಸಿಯೇಟ್ ಪ್ರೊಫೆಸರುಗಳು, ರೀಡರುಗಳು ಪ್ರೊಫೆಸರುಗಳು. ಜಪಾನ್ 2007ರಲ್ಲೇ ತನ್ನ ‘ಸಹಾಯಕ’ ಪ್ರಾಧ್ಯಾಪಕರನ್ನು ‘ಸಹ’ ಪ್ರಾಧ್ಯಾಪಕರನ್ನಾಗಿಸಿತ್ತು.

ಮರಾಠಿ ನಾಡಿಗೇ ಸೇರಿದ ಒಂದು ಪದವಿ ಇತ್ತು, ಅದನ್ನು ಯಾರೂ ಈಗ ನೆನೆಯುವುದಿಲ್ಲ: ಆಜೀವ ಸದಸ್ಯ, ಲೈಫ್ ಮೆಂಬರ್. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ 1885ರಲ್ಲಿ ಫರ್ಗ್ಯುಸನ್ ಕಾಲೇಜು ತೆರೆದಾಗ, ಸಂಸ್ಥೆಯನ್ನು ನಡೆಸುವವರು ಅಲ್ಲಿ ಪಾಠ ಹೇಳುವವರೇ ಆಗಿದ್ದರು. ಇಪ್ಪತ್ತು ವರ್ಷ ಇಲ್ಲೇ ದುಡಿಯುತ್ತೇನೆ ಎಂಬ ಪ್ರತಿಜ್ಞೆ. ತಿಂಗಳಿಗೆ 75 ರೂಪಾಯಿ ಸಂಬಳ. ಗೋಪಾಲ ಕೃಷ್ಣ ಗೋಖಲೆ ಹೀಗೆ ಪ್ರೊಫೆಸರ್ ಆಗಿದ್ದು 1902ರಲ್ಲಿ ಬಿಡುಗಡೆಯಾದರು. ನಾಶಿಕದ ಕಾಲೇಜಿನ ಸಂಸ್ಥೆ ಅವರ ಹೆಸರಿನದೇ. ನಮ್ಮ ವಿ.ಕೃ. ಗೋಕಾಕರು ಡೆಕ್ಕನ್ ಸೊಸೈಟಿಯ ಫರ್ಗ್ಯುಸನ್‌ನಲ್ಲಿ ಕಲಿಸಿ, ಅದೇ ಸೊಸೈಟಿಯ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿಗೆ ಪ್ರಾಂಶುಪಾಲರಾದರು. ಅಮೆರಿಕದ ಟೆನ್ಯೂರ್ ಮಾಸ್ತರನನ್ನು ಮ್ಯಾನೇಜ್‌ಮೆಂಟಿನಿಂದ ಕಾಪಾಡುತ್ತದೆ. ಇಲ್ಲಿ ಮಾಸ್ತರನೇ ಮ್ಯಾನೇಜ್‌ಮೆಂಟು. ಜಗಳಗಳು ಆಗಲಿಲ್ಲವೆಂದಲ್ಲ, ಟಿಳಕರು ಇದೇ ಸೊಸೈಟಿಯನ್ನು ಬಿಟ್ಟು ಹೊರನಡೆದದ್ದು ಗೊತ್ತಿರುವ ಕತೆ. ಆದರೂ ಯಾವ ದೇಶದ ಪಟ್ಟಿಯಲ್ಲೂ ಇಲ್ಲದ ಈ ಹುದ್ದೆಯನ್ನು ಬಿಟ್ಟುಕೊಟ್ಟು ನಾವು ಎರವಲು ಹೆಸರುಗಳಿಗೆ ಹೋದದ್ದು ನಷ್ಟವೇ ಎಂದು ನನ್ನ ಲೆಕ್ಕ.

ಎರವಲು ಹೆಸರುಗಳಲ್ಲಿ ಬಹಳ ಮೋಸ ಮಾಡುವುದು ‘ಅಡ್ಜಂಕ್ಟ್’. ನಮ್ಮಲ್ಲಿ ಅಡ್ಜಂಕ್ಟ್ ಪ್ರೊಫೆಸರ್ ಎಂದರೆ ಹೊರಗಿನ ದೊಡ್ಡ ವಿಜ್ಞಾನಿಯೋ ಉದ್ಯಮಿಯೋ ಬಂದು ಆಗೊಮ್ಮೆ ಈಗೊಮ್ಮೆ ಉಪನ್ಯಾಸ ಕೊಟ್ಟು ಹೋಗುವ ಗೌರವ. ಅಮೆರಿಕದಲ್ಲಿ ಅಡ್ಜಂಕ್ಟ್ ಎಂದರೆ ಸೆಮಿಸ್ಟರಿಗಿಷ್ಟು, ಒಂದು ಕೋರ್ಸಿಗಿಷ್ಟು ಎಂದು ದುಡ್ಡು ಪಡೆದು, ಎರಡು ಮೂರು ಕಾಲೇಜುಗಳ ನಡುವೆ ಕಾರಿನಲ್ಲಿ ಓಡಾಡುವ ಬಡ ಮೇಷ್ಟ್ರು. ಜರ್ಮನಿಯಲ್ಲೂ ಇಂಥದೊಂದಿದೆ: ಪ್ರಿವಾಟ್‌ಡೊಟ್ಸೆಂಟ್. ಪಿಎಚ್‌ಡಿ ಆದ ಮೇಲೆ ಇನ್ನೊಂದು ದೊಡ್ಡ ಪ್ರಬಂಧ ಬರೆದು ಪಾಠ ಹೇಳುವ ಹಕ್ಕು ಪಡೆದವನು. ಹಕ್ಕು ಉಂಟು, ಸಂಬಳ ಇಲ್ಲ, ಬಿರುದು ಉಳಿಸಿಕೊಳ್ಳಲು ಪಾಠ ಮಾಡುತ್ತಲೇ ಇರಬೇಕು.

ಅಮೆರಿಕದ ಆ ಅಡ್ಜಂಕ್ಟನ ಖಾಸಾ ಸೋದರ ಮರಾಠವಾಡಾದಲ್ಲಿ ಸಿಗುತ್ತಾನೆ. ಅವನ ಹೆಸರು ಸಿ.ಎಚ್.ಬಿ., ಕ್ಲಾಕ್ ಅವರ್ ಬೇಸಿಸ್. ಮರಾಠಿಯಲ್ಲಿ ‘ತಾಸಿಕಾ ತತ್ತ್ವಾವರೀಲ ಪ್ರಾಧ್ಯಾಪಕ’. ತಾಸಿನ ಲೆಕ್ಕದ ಪ್ರಾಧ್ಯಾಪಕ. ನೆಟ್ ಅಥವಾ ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರುತ್ತದೆ, ಬಹಳ ಸಲ ಪಿಎಚ್‌ಡಿಯೂ ಇರುತ್ತದೆ. ಬೆಳಿಗ್ಗೆ ಒಂದು ತಾಲ್ಲೂಕಿನ ಕಾಲೇಜು, ಮಧ್ಯಾಹ್ನ ಬೈಕಿನಲ್ಲಿ ಇನ್ನೊಂದು. ತಿಂಗಳ ಕೊನೆಗೆ ತಾಸುಗಳ ತಖ್ತೆ ತುಂಬಿ, ವಿಭಾಗ ಮುಖ್ಯಸ್ಥರ ಸಹಿ, ಪ್ರಾಚಾರ್ಯರ ಸಹಿ ಮಾಡಿಸಬೇಕು. ರಜೆ ಬಂದ ದಿನ ತಾಸಿಲ್ಲ, ಪರೀಕ್ಷೆ ನಡೆವ ದಿನ ತಾಸಿಲ್ಲ, ದೀಪಾವಳಿಗೂ ಬೇಸಿಗೆಗೂ ತಾಸಿಲ್ಲ. ಬಿಲ್ಲು ಜಂಟಿ ನಿರ್ದೇಶಕರ ಕಚೇರಿಯಿಂದ ಮಂಜೂರಾಗಿ ಬರುವುದು ತಿಂಗಳುಗಳ ಮೇಲೆ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಹೆಸರಿನ ಹಿಂದೆ ‘ಪ್ರಾ.’ ತಪ್ಪುವುದಿಲ್ಲ. ನಮ್ಮಲ್ಲಿ ಅದೇ ಮನುಷ್ಯನ ಹೆಸರು ಅತಿಥಿ ಉಪನ್ಯಾಸಕ, ಅವನಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2022ರಲ್ಲಿ ಕರ್ನಾಟಕ ಸರ್ಕಾರ ಅದನ್ನು ಎರಡು ಪಟ್ಟಿಗಿಂತ ಹೆಚ್ಚು ಏರಿಸಿದಾಗ, ಯುಜಿಸಿ ಅರ್ಹತೆಯೂ ಐದು ವರ್ಷಕ್ಕೆ ಮೀರಿದ ಸೇವೆಯೂ ಇದ್ದವರಿಗೆ ಅದು ತಿಂಗಳಿಗೆ 32,000 ರೂಪಾಯಿ ಆಗಿತ್ತು. ಹತ್ತು ಹದಿನೈದು ವರ್ಷ ಮನೆಯಲ್ಲೇ ಉಳಿದವನನ್ನು ಅತಿಥಿ ಎನ್ನುವ ಸೌಜನ್ಯ ನಮ್ಮದು.

ನಾಶಿಕದ ಇನ್ನೊಂದು ಸಂಸ್ಥೆ ಮಾತ್ರ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯದ ಅಭ್ಯಾಸ ಕೇಂದ್ರಗಳಲ್ಲಿ ಭಾನುವಾರ ಪಾಠ ಹೇಳುವವರು ಪ್ರಾಧ್ಯಾಪಕರಲ್ಲ, ಸಂಮಂತ್ರಕರು. ಕಲಿಯುವವರ ಜೊತೆ ಕೂತು ಸಮಾಲೋಚಿಸುವವರು ಎಂದರ್ಥ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ತನ್ನ ಬೋಧಕರನ್ನು ಟ್ಯೂಟರ್-ಕೌನ್ಸೆಲರ್ ಎಂದು ಕರೆದದ್ದರ ನೆರಳು ಇದು. ಇಲ್ಲೂ ಹಣ ತಾಸಿನ ಲೆಕ್ಕದ್ದೇ. ಆದರೆ ಹೆಸರು ಏನನ್ನೂ ಮುಚ್ಚಿಡುವುದಿಲ್ಲ.

ತಾಸಿನ ಪ್ರಾಧ್ಯಾಪಕ ಒಂದು ದಿನ ಕಾಯಂ ಹುದ್ದೆಗೆ ಅರ್ಜಿ ಹಾಕಿ ಆಯ್ಕೆಯಾದ ಎನ್ನಿ. ಹಿಂದಿನ ವರ್ಷಗಳನ್ನು ಬಡ್ತಿಗೆ ಸೇರಿಸಿಕೊಳ್ಳಿ ಎಂದು ಕೇಳಿದರೆ ಕಚೇರಿಯವರು 2018ರ ಯುಜಿಸಿ ನಿಯಮಾವಳಿ ತೆಗೆಯುತ್ತಾರೆ. ತಾತ್ಕಾಲಿಕ ಸೇವೆ ಲೆಕ್ಕಕ್ಕೆ ಬರಬೇಕಾದರೆ ಆಗ ಅವನಿಗೆ ಸಿಗುತ್ತಿದ್ದ ಒಟ್ಟು ವೇತನ ಕಾಯಂ ಅಸಿಸ್ಟೆಂಟ್ ಪ್ರೊಫೆಸರನ ವೇತನಕ್ಕಿಂತ ಕಡಿಮೆ ಇರಕೂಡದು ಎಂದು ಅದರಲ್ಲಿದೆ. ಅಷ್ಟು ಕೊಟ್ಟಿದ್ದರೆ ಅವನನ್ನು ತಾಸಿನ ಲೆಕ್ಕದಲ್ಲಿ ಇಟ್ಟುಕೊಳ್ಳುವ ಪ್ರಮೇಯವೇ ಬರುತ್ತಿರಲಿಲ್ಲ. ಪ್ರಾಚಾರ್ಯರು ಕೊಟ್ಟ ಅನುಭವ ಪತ್ರದಲ್ಲಿ ಹುದ್ದೆ ‘ಸಹಾಯಕ ಪ್ರಾಧ್ಯಾಪಕ’ ಎಂದೇ ಇರುತ್ತದೆ, ಪಕ್ಕದಲ್ಲಿ ಆವರಣದೊಳಗೆ ಸಣ್ಣಕ್ಷರದಲ್ಲಿ ಸಿ.ಎಚ್.ಬಿ. ಅರ್ಜಿ ನೋಡುವ ಗುಮಾಸ್ತ ಮೊದಲು ಓದುವುದು ಆ ಆವರಣವನ್ನು.